ಪೆಲೆಟ್ ಒಲೆ ಬಿಚ್ಚುವ ಶಿವಲೀಲಾ

ಶಿವಲೀಲಾ ಒಲೆ ಬಿಚ್ಚಲು ಕಂಬಳಿ ಹಾಸಿ ಕೂತಳೆಂದರೆ ಆ ಕಂಬಳಿಯನ್ನು ಯಾರೂ ದಾಟುವಂತಿಲ್ಲ. ಮೊದಲ ಸಲ ನಾನು ಗೊತ್ತಿಲ್ಲದೆ ದಾಟಿದೆ. "ಸರ, ಹಿಂದಕ್ಕ ಸರೀರಿ. ಬಿಚ್ಚಿದ್ದು ಬಿಚ್ಚಿದಂಗ ಸಾಲಿಗೆ ಇಟ್ಟೀನಿ. ನಿಮ್ಮ ಕಾಲು ತಾಗಿ ಒಂದು ಆಚೀಚೆ ಆತಂದ್ರ ನಾಳಿ ಮುಂಜಾನಿತನಕ ಇಲ್ಲೇ ಕುಂದರಬೇಕಾಕ್ಕತಿ," ಎಂದಳು. ನನ್ನ ಚಪ್ಪಲಿ ಸಪ್ಪಳಕ್ಕೇ ಇನ್ನೂರ ನಲವತ್ತು ಹುಡುಗಿಯರು ಮಾತು ನಿಲ್ಲಿಸುತ್ತಾರೆ. ಅಂಥ ನಾನು ಈ ಹೆಣ್ಣುಮಗಳ ಒಂದು ಮಾತಿಗೆ ಎರಡು ಹೆಜ್ಜೆ ಹಿಂದೆ ಸರಿದೆ. ಸಿಟ್ಟೂ ಬಂತು, ಒಳಗೊಳಗೆ ಖುಷಿಯೂ ಆಯಿತು.

ನಾನು ಕೊಟ್ರಸ್ವಾಮಿ. ಹಗರಿಬೊಮ್ಮನಹಳ್ಳಿಯಿಂದ ಹಂಪಸಾಗರಕ್ಕೆ ಹೋಗುವ ದಾರಿಯಲ್ಲಿರುವ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ವಾರ್ಡನ್. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅಡುಗೆಯವರು ಆಡಿಕೊಳ್ಳುತ್ತಾರೆ, ಸುಳ್ಳೇನಲ್ಲ. ಈ ಮಾರ್ಚಿನಲ್ಲಿ ಹನ್ನೆರಡು ದಿನ ಶಿವಲೀಲಾಳ ಹೆಸರು ಐದು ತಾಲ್ಲೂಕಿನಲ್ಲಿ ಕೆಟ್ಟಿತ್ತು. ಕೆಡಿಸಿದ ಪಾಪ ನನ್ನದು. ಅವಳ ವಿಷಯ ಬರೆಯಲು ಕೂತವನು ಅದನ್ನು ಮುಚ್ಚಿಟ್ಟು ಬರೆದರೆ ಕೈ ಮುಂದೆ ಹೋಗುವುದಿಲ್ಲ. ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಅವಳದು ಕೂಡ್ಲಿಗಿ ಕಡೆಯ ಕುರಿ ಸಾಕುವ ಮನೆತನ. ಕೊಟ್ಟೂರಿನ ಗಂಗಾಧರನಿಗೆ ಕೊಟ್ಟು ಮದುವೆ ಮಾಡಿದ್ದರು. ಗಂಗಾಧರ ಪಂಪು ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವವನು, ಆ ಕೆಲಸದಲ್ಲಿ ಗಟ್ಟಿಗ. ಆರು ವರ್ಷದ ಹಿಂದೆ ಬೋರ್‌ವೆಲ್ಲಿನಿಂದ ಪೈಪು ಎತ್ತುವಾಗ ಕಪ್ಪಿ ಮುರಿದು ಪೈಪು ಅವನ ಸೊಂಟದ ಮೇಲೆ ಬಿತ್ತು. ಅಂದಿನಿಂದ ಅಂಗಡಿಯ ಮಣೆ ಬಿಟ್ಟು ಹೊರಗೆ ಹೋಗಲಾರ. ಹೊರಗಿನ ಕೆಲಸವೆಲ್ಲ ಶಿವಲೀಲಾಳ ಪಾಲಿಗೆ ಬಂತು. ಗಂಡ ಬಾಯಲ್ಲಿ ಹೇಳುವುದು, ಇವಳು ಹೋಗಿ ಕೈಯಲ್ಲಿ ಮಾಡುವುದು. ಎರಡು ವರ್ಷದಲ್ಲಿ ಅವನು ಹೇಳುವುದು ಕಡಿಮೆಯಾಯಿತು. ಆಮೇಲೆ ಈ ಪೆಲೆಟ್ ಒಲೆಗಳು ಬಂದವು. ಅವು ಗಂಗಾಧರನಿಗೂ ಹೊಸವು. ಅವುಗಳ ವಿಷಯದಲ್ಲಿ ಇವಳೇ ಗುರು, ಇವಳೇ ಶಿಷ್ಯೆ.

ಒಲೆ ನೋಡದವರಿಗೆ ಎರಡು ಮಾತು. ಶೇಂಗಾ ಸಿಪ್ಪೆ, ಕಟ್ಟಿಗೆ ಪುಡಿ ಒತ್ತಿ ಕಿರುಬೆರಳಿನಷ್ಟು ತುಂಡು ಮಾಡಿರುತ್ತಾರೆ, ಅದೇ ಪೆಲೆಟ್. ಅದನ್ನು ಮೇಲಿನ ದೊಡ್ಡ ತಗಡಿನ ಡಬ್ಬಿಗೆ ಸುರಿಯಬೇಕು. ಡಬ್ಬಿಗೆ ಹಾಪರ್ ಎನ್ನುತ್ತಾರೆ. ಅದರ ತಳದಲ್ಲಿ ಒಂದು ಕೊಳವೆ, ಕೊಳವೆಯೊಳಗೆ ಮೊಳದುದ್ದದ ಕಬ್ಬಿಣದ ಸುರುಳಿ. ಎಲ್ಲರ ಬಾಯಲ್ಲೂ ಅದು 'ಸ್ಕ್ರೂ'. ಸಣ್ಣ ಮೋಟಾರು ಅದನ್ನು ನಿಧಾನ ತಿರುಗಿಸುತ್ತದೆ, ಸುರುಳಿ ಪೆಲೆಟ್ಟುಗಳನ್ನು ತಳ್ಳಿ ತಳ್ಳಿ ಬೆಂಕಿಗೆ ಹಾಕುತ್ತದೆ. ಸ್ಕ್ರೂ ತಿರುಗುವವರೆಗೆ ಅಡುಗೆ, ನಿಂತರೆ ಉಪವಾಸ. ನಮ್ಮ ಶಾಲೆಯಲ್ಲಿ ಹೊಗೆಯ ಹಳೇ ಕಟ್ಟಿಗೆ ಒಲೆಗಳನ್ನು ಒಡೆದು ಹಾಕಿ ಇದನ್ನು ಕೂರಿಸಿ ಒಂದೂವರೆ ವರ್ಷವಾಗಿತ್ತು. ಗ್ಯಾಸು ಎರಡೇ ಸಿಲಿಂಡರು, ಚಹಾಕ್ಕೆ ಮಾತ್ರ.

ವರ್ಷಕ್ಕೂ ಹೆಚ್ಚು ಕಾಲ ಒಲೆ ಚೆನ್ನಾಗಿಯೇ ನಡೆಯಿತು. ತಿಂಗಳಿಗೊಮ್ಮೆ ಶಿವಲೀಲಾ ಬಂದು ಬಿಚ್ಚಿ, ಒರೆಸಿ, ಜೋಡಿಸಿ ಹೋಗುತ್ತಿದ್ದಳು. ಈ ಜನವರಿಯಲ್ಲಿ ಮೊದಲ ಸಲ ಸ್ಕ್ರೂ ಕಚ್ಚಿಕೊಂಡಿತು. ಫೆಬ್ರವರಿಯಲ್ಲಿ ಎರಡನೇ ಸಲ. ಎರಡು ಸಲವೂ ಬಂದು ಸರಿ ಮಾಡಿದಳು. ಎರಡು ಸಲವೂ ಸ್ಕ್ರೂ ಹೊರಗೆ ಎಳೆಯುವಷ್ಟರಲ್ಲಿ ಒಳಗಿನದೆಲ್ಲ ಪುಡಿಪುಡಿಯಾಗಿ ಉದುರಿತ್ತು, ಕಾರಣ ಸಿಗಲಿಲ್ಲ. ನಮ್ಮ ಸಂಸ್ಥೆಯ ಅಧ್ಯಕ್ಷರು ಸೋಮಶೇಖರ್ ಸಾಹುಕಾರರು. ಅವರಿಗೆ ಮೊದಲಿನಿಂದ ಹೆಣ್ಣುಮಗಳ ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಕಂಡರೆ ಮುಖ ಸಿಂಡರಿಸುವ ಚಾಳಿ. "ಮೂರನೇ ಸಲ ಹಿಂಗಾತಂದ್ರ ಆಕಿನ್ನ ಬಿಡ್ರಿ. ಬ್ಯಾರೆ ಕಡಿ ಹೇಳಿಬಿಡ್ತೀನಿ ನಾ," ಎಂದಿದ್ದರು. ಬೇರೆ ಕಡೆ ಎಂದರೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ಕಲ್ಯಾಣ ಮಂಟಪ, ಮೆಸ್ಸು, ಖಾನಾವಳಿಗಳು. ನಮ್ಮದೂ ಸೇರಿ ಹನ್ನೊಂದು ಕಡೆ ಇಂಥ ಒಲೆಗಳಿವೆ. ಹನ್ನೊಂದನ್ನೂ ನೋಡಿಕೊಳ್ಳುವವಳು ಶಿವಲೀಲಾ ಒಬ್ಬಳೇ, ಮತ್ತು ಆ ಹನ್ನೊಂದು ಮಾಲೀಕರೂ ಸಾಹುಕಾರರ ವಾಟ್ಸಾಪ್ ಗುಂಪಿನಲ್ಲಿದ್ದಾರೆ.

ಮೂರನೇ ಸಲ ಕಚ್ಚಿಕೊಂಡದ್ದು ಹತ್ತನೇ ತರಗತಿಯ ಪರೀಕ್ಷೆ ಶುರುವಾದ ದಿನ.

ಬೆಳಿಗ್ಗೆ ಆರೂ ಹತ್ತಕ್ಕೆ ಅಡುಗೆಯ ಅನ್ನದಾನಮ್ಮ ನನ್ನ ಬಾಗಿಲು ಬಡಿದಳು. "ಸರ, ಒಲಿ ನಿಂತೈತ್ರಿ. ಮೋಟಾರು ಗುಂಯ್ ಅನ್ನಾಕತ್ತೈತಿ, ತಿರುಗವಲ್ದು." ಓಡಿದೆ. ಎಂಟೂವರೆಗೆ ಬಸ್ಸು, ಅಷ್ಟರೊಳಗೆ ಎಲ್ಲರೂ ಉಂಡಿರಬೇಕು. ಪರೀಕ್ಷೆಗೆ ಹೊರಟ ಅರವತ್ತು ಹುಡುಗಿಯರಂತೂ ಹಸಿದುಕೊಂಡು ಹೋಗಬಾರದು. ಶಿವಲೀಲಾಳಿಗೆ ಫೋನು ಹಚ್ಚಿದೆ. ಅವಳು ಕೇಳಿದ್ದು ಒಂದೇ ಮಾತು. "ಹಾಪರ್‌ನಾಗಿಂದ ಹೊಗಿ ಬರಾಕತ್ತೈತೇನ್ರಿ?"

ನೋಡಿದೆ. ಸಣ್ಣಗೆ ಬರುತ್ತಿತ್ತು.

"ಮೋಟಾರು ಬಂದ್ ಮಾಡ್ರಿ. ಕೆಳಗಿನ ಬೆಂಕಿ ಎಲ್ಲಾ ಕೆದರಿ ಹೊರಗ ತಗೀರಿ. ಕೊಳವಿ ಹಿಡ್ಕೊಂಡು ಬೆಂಕಿ ಮ್ಯಾಲೆ ಹತ್ತಾಕತ್ತೈತಿ ಅದು. ಹಾಪರ್ ಬರಿದು ಮಾಡ್ರಿ, ಬಕೇಟಿಲೆ, ಪುಟ್ಟಿಲೆ, ಹೆಂಗಾರ ಮಾಡ್ರಿ. ನಾ ಹೊಂಟೆ."

ಹಾಪರಿನಲ್ಲಿ ಅರವತ್ತು ಕಿಲೋ ಪೆಲೆಟ್ ಇತ್ತು. ಅದರ ಪಕ್ಕದ ಗೋಡೆಯಾಚೆ ಗ್ಯಾಸಿನ ಸಿಲಿಂಡರು. ಅನ್ನದಾನಮ್ಮ ಉದ್ದನೆ ಸೌಟಿನಿಂದ ಕೆಂಡ ಎಳೆದು ಮರಳಿನ ಬುಟ್ಟಿಗೆ ಹಾಕಿದಳು. ನಾನು ಪಂಚೆ ಎತ್ತಿ ಕಟ್ಟಿ ಹಾಪರಿನೊಳಗೆ ಪುಟ್ಟಿ ಇಳಿಬಿಟ್ಟು ಪೆಲೆಟ್ ಎತ್ತಿ ಎತ್ತಿ ಅಂಗಳಕ್ಕೆ ಸುರಿದೆ. ತಳದ ಪೆಲೆಟ್ಟುಗಳು ಕೈಗೆ ಬಿಸಿ ಹತ್ತುತ್ತಿದ್ದವು. ಬಾಗಿಲಲ್ಲಿ ಹುಡುಗಿಯರು ಪುಸ್ತಕ ಹಿಡಿದು ಗುಂಪು ಕಟ್ಟಿದ್ದರು. "ಇಲ್ಲೇನು ನಾಟಕ ಐತೇನು, ನಡೀರಿ ಓದಾಕ!" ಎಂದು ಗದರಿದೆ. ಹೆದರಿಕೆಯಾದಾಗ ನಾನು ಗದರುತ್ತೇನೆ, ಅದು ನನ್ನ ಹುಟ್ಟುಗುಣ.

ಕೊಟ್ಟೂರಿನಿಂದ ನಲವತ್ತು ನಿಮಿಷದಲ್ಲಿ ಸ್ಕೂಟಿ ಹಾರಿಸಿಕೊಂಡು ಬಂದಳು. ಚಹಾ ಕೊಡಹೋದ ಅನ್ನದಾನಮ್ಮನಿಗೆ ಕೈ ಅಡ್ಡ ಮಾಡಿದಳು. ಕೆಲಸ ಮುಗಿಯುವ ತನಕ ಬಾಯಿಗೆ ಏನೂ ಹಾಕುವವಳಲ್ಲ. ಗೋಡೆಯ ಬೋರ್ಡಿನಿಂದ ಫ್ಯೂಸು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿದಳು. ತನ್ನ ಕೈ ಒಳಗಿರುವಾಗ ಯಾರೋ ಸ್ವಿಚ್ಚು ಒತ್ತಬಾರದಲ್ಲ, ಅದಕ್ಕೆ. ಆಮೇಲೆ ಕಂಬಳಿ ಹಾಸಿದಳು.

ಮೋಟಾರಿನ ನಾಲ್ಕು ಬೋಲ್ಟು ಬಿಚ್ಚಿ ಕಂಬಳಿಯ ಎಡತುದಿಗೆ. ಅದರ ಪಕ್ಕ ಗೇರ್‌ಬಾಕ್ಸಿನ ಮುಚ್ಚಳ. ಮುಚ್ಚಳದ ಒಳಮೈಗೆ ಅವಳು ಪ್ರತಿ ಸಲ ಬಿಚ್ಚಿದ ತಾರೀಖನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಾಳೆ. ಅದನ್ನು ಒಂದು ಗಳಿಗೆ ನೋಡಿದಳು, ಬೆರಳು ಮಡಚಿ ಏನೋ ಎಣಿಸಿದಳು. ಸ್ಕ್ರೂವಿನ ಹಿಂದಿನ ತುದಿಯನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಅಲುಗಲಿಲ್ಲ. ಕೊಳವೆಯ ಮೇಲೆ ಮರದ ಸುತ್ತಿಗೆಯಿಂದ ಗೇಣಿಗೊಂದರಂತೆ ಬಡಿದು ಕಿವಿಗೊಟ್ಟಳು. ಹಿಂದೆ ಟಣ್ ಟಣ್ ಎಂದದ್ದು ಮುಂದೆ ಹೋದ ಹಾಗೆ ದಬ್ ದಬ್ ಎಂದಿತು.

ಗಂಟೆ ಏಳೂ ಇಪ್ಪತ್ತು. ಆ ಹೊತ್ತಿಗೆ ಮಕ್ಕಳಿಗೆ ಶುಭ ಹಾರೈಸಲು ಸೋಮಶೇಖರ್ ಸಾಹುಕಾರರ ಕಾರು ಬಂತು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಮೂರನೇ ಸಲ," ಎಂದರು.

ಅನ್ನದಾನಮ್ಮ ಪಾಪ, ಸಹಾಯ ಮಾಡಲು ಹೋಗಿ ಗ್ಯಾಸಿನ ಮೇಲೆ ಕಾಯಿಸಿದ್ದ ನೀರಿನ ಚರಿಗೆ ತಂದಳು. "ಬಿಸಿನೀರು ಹಾಕಿದ್ರ ಬಿಡತೈತೇನವಾ?"

"ನೀರು ಬ್ಯಾಡ!" ಎಂದು ಶಿವಲೀಲಾ ಕೂಗಿದ್ದಕ್ಕೆ ಚರಿಗೆ ಅಲ್ಲೇ ನಿಂತಿತು. "ನೀರಂದ್ರ ವಿಷ ಇದಕ್ಕ. ಒಂದು ಚರಿಗಿ ಒಳಗ ಹೋತಂದ್ರ ಪೆಲೆಟ್ ಉಬ್ಬಿ ಅಂಬಲಿ ಆಗತಾವು. ಮತ್ತ ಬೆಂಕಿ ಕಾವಿಗೆ ಒಣಗಿ ಕಲ್ಲಾಗತಾವು."

ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಕಣ್ಣು ಹಾಪರಿನ ಅಂಚಿಗೆ ಹೋಯಿತು.

ಯಾಕೆಂದು ಹೇಳುತ್ತೇನೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ, ಯಂತ್ರ, ಒಲೆ ಎಲ್ಲಕ್ಕೂ ಪೂಜೆ. ನಮ್ಮದು ಸ್ವಾಮಿಗಳ ಮನೆತನ. ಶಾಲೆಯ ಅಡುಗೆಮನೆಯ ಪೂಜೆಯನ್ನು ನಾನು ಬೇರೆಯವರ ಕೈಗೆ ಬಿಟ್ಟವನೇ ಅಲ್ಲ. ವಿಭೂತಿ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆಯುತ್ತೇನೆ. ಮೊದಲು ಮೂಲೆಯ ರುಬ್ಬುವ ಕಲ್ಲಿನ ಮೇಲೆ ಒಡೆಯುತ್ತಿದ್ದೆ. ಡಿಸೆಂಬರಿನಲ್ಲಿ ನೆಲಕ್ಕೆ ಟೈಲ್ಸ್ ಹಾಕುವಾಗ ಆ ಕಲ್ಲನ್ನು ಕಿತ್ತು ಹೊರಗೆ ಹಾಕಿದರು. ಅಂದಿನಿಂದ ಹಾಪರಿನ ಬಾಯಂಚಿಗೆ ಒಡೆಯಲು ಶುರು ಮಾಡಿದೆ. ಒಳ್ಳೆ ಗಟ್ಟಿ ಅಂಚು, ಒಂದೇ ಏಟಿಗೆ ಕಾಯಿ ಸರಿ ಹೋಳಾಗುತ್ತಿತ್ತು. ಸರಿ ಹೋಳಾದರೆ ಶುಭ ಎಂದು ನನಗೆ ದೊಡ್ಡ ಹೆಮ್ಮೆ. ಕಾಯಿನೀರು ಒಳಗೆ ಸುರಿದದ್ದನ್ನು ಕಣ್ಣಾರೆ ಕಂಡಿದ್ದೆ. ಯಂತ್ರಕ್ಕೆ ತಂಪಾಯಿತು ಎಂದುಕೊಂಡಿದ್ದೆ, ಬುದ್ಧಿಗೇಡಿ. ಮೂರು ಅಮಾವಾಸ್ಯೆ, ಮೂರು ಕಾಯಿ. ಆ ದಿನಕ್ಕೆ ಮೂರನೇ ಅಮಾವಾಸ್ಯೆ ಕಳೆದು ಎರಡೇ ದಿನವಾಗಿತ್ತು.

ಶಿವಲೀಲಾ ಕೊಳವೆಯ ಮುಂದಿನ ಬಾಯಿಂದ ಉದ್ದನೆ ಚಾಣ ತೂರಿಸಿ ಸುತ್ತಿಗೆಯಿಂದ ಹೊಡೆಯತೊಡಗಿದಳು. ಒಂದು ಕೈ ಮೊಣಕೈವರೆಗೆ ಬೂದಿಯಲ್ಲಿತ್ತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಏಳೂ ಮೂವತ್ತೈದಕ್ಕೆ ಒಳಗೆ ಏನೋ ಚಟ್ಟೆಂದಿತು. ಕೈ ಹಾಕಿ ಬೆಲ್ಲದ ಅಚ್ಚಿನಷ್ಟು ದೊಡ್ಡ ಉಂಡೆಯೊಂದನ್ನು ಹೊರಗೆಳೆದು ಕಂಬಳಿಯ ಮೇಲೆ ಇಟ್ಟಳು. ಈ ಸಲ ಇಡಿಯಾಗಿಯೇ ಸಿಕ್ಕಿತ್ತು. ಕಂದು ಬಣ್ಣದ ಗಟ್ಟಿ ಉಂಡೆ, ಮೈಮೇಲೆ ಎರಡು ಕಡೆ ಕೆಂಪಗೆ ಗೆರೆ ಹರಿದಿತ್ತು.

ಕುಂಕುಮ. ಹಾಪರಿನ ಅಂಚಿಗೆ ನಾನಿಟ್ಟದ್ದು, ಕಾಯಿನೀರಿನ ಜೊತೆ ತೊಳೆದು ಒಳಗಿಳಿದಿತ್ತು.

ಅವಳು ಆ ಕೆಂಪನ್ನು ನೋಡಿದಳು. ಹಾಪರಿನ ಅಂಚಿನಲ್ಲಿ ಉಳಿದಿದ್ದ ವಿಭೂತಿಯ ಗೆರೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಎಲ್ಲಾ ಗೊತ್ತಾಗಿತ್ತು ಅವಳಿಗೆ. ಆದರೂ ಬಹಳ ಮೆಲ್ಲಗೆ, ಮರ್ಯಾದೆಯಿಂದ ಕೇಳಿದಳು. "ಸರ, ಹಾಪರ್‌ನಾಗ ಏನೋ ನೀರು ಬಿದ್ದೈತ್ರಿ. ಯಾರಾದ್ರೂ ಏನಾದ್ರೂ ಚೆಲ್ಲಿದ್ರೇನು?"

ಸಾಹುಕಾರರು ನನ್ನ ಮುಖ ನೋಡಿದರು. ಅನ್ನದಾನಮ್ಮ ನೆಲ ನೋಡಿದಳು. ನಾನು ಏನು ಯೋಚಿಸಿದೆ ಎಂದು ಪ್ರಾಮಾಣಿಕವಾಗಿ ಬರೆಯುತ್ತೇನೆ. ಕೆಲಸ ಹೋದೀತೆಂಬ ಭಯವಲ್ಲ. ಸ್ವಾಮಿಗಳ ಪೂಜೆಗೆ ಮಕ್ಕಳ ಒಲೆ ಕೆಟ್ಟಿತು ಎಂದು ಊರು ನಗುತ್ತದಲ್ಲ, ಆ ನಗುವಿಗೆ ಹೆದರಿದೆ.

"ಇಲ್ಲ," ಎಂದೆ. "ಯಾರೂ ಏನೂ ಚೆಲ್ಲಿಲ್ಲ."

"ಕೇಳಿದೇನವಾ?" ಎಂದರು ಸಾಹುಕಾರರು. "ನೀ ಸರಿಯಾಗಿ ಜೋಡಸಂಗಿಲ್ಲ, ಮತ್ತ ನೀರಿನ ಮ್ಯಾಲೆ ಹಾಕ್ತೀ. ಇವತ್ತಿಂದು ಮುಗಿಸಿ ಹೋಗು. ಇನ್ನ ಬರಬ್ಯಾಡ."

ಇನ್ನೊಬ್ಬರಾಗಿದ್ದರೆ ಪಾನಾ ಎಸೆದು ಎದ್ದು ಹೋಗುತ್ತಿದ್ದರು. ನಾನಂತೂ ಹೋಗುತ್ತಿದ್ದೆ. ಅವಳು ಕೊಳವೆಯೊಳಗೆ ಒಣ ಗೋಣಿಬಟ್ಟೆ ತೂರಿಸಿ ಕನ್ನಡಿಯಂತಾಗುವವರೆಗೆ ಉಜ್ಜಿದಳು. ಸ್ಕ್ರೂವಿನ ಸುರುಳಿಗೆ ಅಂಟಿದ್ದನ್ನು ಉಗುರಿನಿಂದ ಕೆರೆದಳು. ಗೇರಿಗೆ ಮಾತ್ರ ಗ್ರೀಸು ಹಚ್ಚಿದಳು, ಪೆಲೆಟ್ ಹೋಗುವ ಕಡೆ ಒಂದು ಹನಿ ಎಣ್ಣೆಯನ್ನೂ ಬಿಡಲಿಲ್ಲ. ಎಣ್ಣೆ ಕಂಡರೆ ಪುಡಿ ಅಂಟುತ್ತದಂತೆ. ಸ್ಕ್ರೂ ಒಳಗೆ ಕೂರಿಸಿ ಕ್ಯಾಲೆಂಡರಿನ ದಪ್ಪ ಹಾಳೆಯ ತುಂಡನ್ನು ಕೊಳವೆಗೂ ಸುರುಳಿಗೂ ನಡುವೆ ಸರಿಸಿ ಸುತ್ತಲೂ ಸಮ ಸಂದಿದೆಯೇ ಎಂದು ನೋಡಿದಳು. ಕೈಯಿಂದಲೇ ಮೂರು ಸುತ್ತು ತಿರುಗಿಸಿದಳು. ಎಲ್ಲೂ ಉಜ್ಜಲಿಲ್ಲ. ಕಂಬಳಿಯ ಮೇಲಿನ ಸಾಲು ಬಲದಿಂದ ಎಡಕ್ಕೆ ಒಂದೊಂದೇ ಖಾಲಿಯಾಗುತ್ತ ಬಂತು. ನಾನು ಗಡಿಯಾರ ನೋಡುತ್ತಿದ್ದೆ. ಅವಳು ಒಂದು ಸಲವೂ ನೋಡಲಿಲ್ಲ. ಆತುರಪಟ್ಟು ಒಂದು ಬೋಲ್ಟು ಸಡಿಲ ಬಿಟ್ಟರೂ ನಾಳೆ ಅದೂ ಅವಳ ತಲೆಗೇ ಬರುತ್ತಿತ್ತು, ಅದು ಅವಳಿಗೆ ಗೊತ್ತಿತ್ತು.

ಏಳೂ ಐವತ್ತೆಂಟಕ್ಕೆ ಸೆರಗಿನ ಗಂಟು ಬಿಚ್ಚಿ ಫ್ಯೂಸು ಹಾಕಿದಳು. ಪೆಲೆಟ್ ಹಾಕದೆ ಬರೀ ಸ್ಕ್ರೂ ಓಡಿಸಿ ಕಣ್ಣು ಮುಚ್ಚಿ ಹನ್ನೆರಡು ಸುತ್ತು ಕೇಳಿದಳು. ಆಮೇಲೆ ಗೋದಾಮಿನಿಂದ ತಂದ ಹೊಸ ಚೀಲದ ಒಣ ಪೆಲೆಟ್ ಒಂದು ಬೊಗಸೆ, ಆಮೇಲೆ ಒಂದು ಪುಟ್ಟಿ. ಬೆಂಕಿ ಹತ್ತಿತು. ಅನ್ನದಾನಮ್ಮ ರವೆ ಮೊದಲೇ ಹುರಿದಿಟ್ಟಿದ್ದಳು, ಎಂಟೂ ಇಪ್ಪತ್ತಕ್ಕೆ ಉಪ್ಪಿಟ್ಟು ತಟ್ಟೆಗೆ ಬಿತ್ತು. ಹತ್ತೇ ನಿಮಿಷ ತಡವಾಗಿ ಎಂಟೂ ನಲವತ್ತಕ್ಕೆ ಬಸ್ಸು ಹೊರಟಿತು. ಹುಡುಗಿಯರು ಕೈ ಬೀಸಿದರು. ಅಷ್ಟರಲ್ಲಿ ಶಿವಲೀಲಾ ಕಂಬಳಿ ಝಾಡಿಸಿ ಮಡಚಿ ಸ್ಕೂಟಿಯ ಮುಂದಿಟ್ಟುಕೊಂಡು ಹೋಗಿಬಿಟ್ಟಿದ್ದಳು. ಚಹಾ ಹಾಗೇ ಆರಿತ್ತು.

ಮಧ್ಯಾಹ್ನಕ್ಕೆ ಸಾಹುಕಾರರು ಗುಂಪಿಗೆ ಧ್ವನಿ ಸಂದೇಶ ಹಾಕಿದರು. "ಕೊಟ್ಟೂರಿನ ಆ ಹೆಣ್ಣುಮಗಳನ್ನ ಕರೀಬ್ಯಾಡ್ರಿ, ನಮ್ಮದು ಮೂರು ಸಲ ಕೆಡಿಸ್ಯಾಳ, ಸ್ವಲ್ಪದ್ರಾಗ ಬೆಂಕಿ ಅನಾಹುತ ತಪ್ಪೈತಿ." ಹತ್ತು ಜನ ಹೆಬ್ಬೆರಳು ಎತ್ತಿದ ಗುರುತು ಒತ್ತಿದರು. ನಾನು 'ತಪ್ಪು ನನ್ನದು' ಎಂದು ಟೈಪು ಮಾಡುವುದು, ಅಳಿಸುವುದು. ಹೀಗೆ ಎಷ್ಟು ಸಲವೋ ಲೆಕ್ಕವಿಲ್ಲ. ವಾರದೊಳಗೆ ಹಡಗಲಿಯ ಮಂಟಪದವರು ದಾವಣಗೆರೆ ಕಡೆಯವನನ್ನು ಕರೆಸಿದರೆಂದು ಕೇಳಿದೆ. ಹರಪನಹಳ್ಳಿಯ ಮೆಸ್ಸಿನವರು ಅವಳ ಫೋನೇ ಎತ್ತಲಿಲ್ಲವಂತೆ. ಊಟ ಸೇರುತ್ತಿರಲಿಲ್ಲ ನನಗೆ. ಹುಡುಗಿಯರನ್ನು ಮೊದಲಿಗಿಂತ ಎರಡು ಪಾಲು ಬೈಯುತ್ತಿದ್ದೆ.

ಹನ್ನೆರಡನೇ ದಿನ ಬೆಳಿಗ್ಗೆ ಅನ್ನದಾನಮ್ಮ ತಟ್ಟೆ ಇಟ್ಟು ಅಲ್ಲೇ ನಿಂತಳು. "ಸರ, ಆವತ್ತು ಕುಂಕುಮ ನಾನೂ ನೋಡಿನ್ರಿ. ನಾ ಸುಮ್ನಿದ್ದಿದ್ದು ನಿಮ್ಮ ಮುಖ ನೋಡಿ. ಇವತ್ತಿಗೂ ನಿದ್ದಿ ಹತ್ತವಲ್ದು ನನಗ." ಅಷ್ಟು ಹೇಳಿ ಒಳಗೆ ಹೋದಳು. ನನ್ನೆದುರು ಹತ್ತೊಂಬತ್ತು ವರ್ಷದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದೇ. ತಟ್ಟೆ ಸರಿಸಿ ಎದ್ದೆ, ಕೊಟ್ಟೂರಿನ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಗಂಗಾಧರ ಮಣೆಯ ಮೇಲೆ ಕೂತು ತಂತಿ ಸುತ್ತುತ್ತಿದ್ದ. ಶಿವಲೀಲಾ ಮೂಲೆಯಲ್ಲಿ ಹಳೇ ಮೋಟಾರಿನ ತುಕ್ಕನ್ನು ಮರಳು ಕಾಗದದಿಂದ ಉಜ್ಜುತ್ತಿದ್ದಳು. ಹೊಸಬರಿಗೆ ಕೊಡುವ ಕೆಲಸ ಅದು. ನಾನು ಬಾಯಿ ತೆರೆದೆ. ಗಂಗಾಧರ ಎಡಗೈ ಎತ್ತಿ ತಡೆದ. ಎಣಿಕೆ ನಡೆದಿತ್ತು. ಸುತ್ತಿನ ಎಣಿಕೆ ತಪ್ಪಿದರೆ ಇಡೀ ಸುರುಳಿ ಬಿಚ್ಚಬೇಕು. "ನೂರಾ ಅರವತ್ತೊಂದು, ನೂರಾ ಅರವತ್ತೆರಡು..." ಬಾಯಲ್ಲಿ ಬೆಂಕಿ ಇಟ್ಟುಕೊಂಡವನಂತೆ ನಿಂತೆ. ಇನ್ನೂರಾ ಹತ್ತಕ್ಕೆ ತಂತಿ ಕತ್ತರಿಸಿ, "ಹೇಳ್ರಿ ಸರ," ಎಂದ.

ಹೇಳಿದೆ. ಕಾಯಿ, ಅಮಾವಾಸ್ಯೆ, ಕುಂಕುಮ, 'ಇಲ್ಲ' ಎಂದ ನನ್ನ ಸುಳ್ಳು, ಎಲ್ಲವನ್ನೂ.

ಶಿವಲೀಲಾ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನನಗ್ಯಾಕ ಹೇಳ್ತೀರಿ ಸರ? ನನಗ ಅವತ್ತೇ ಗೊತ್ತಾಗೈತಿ. ಮುಚ್ಚಳದ ಮ್ಯಾಲಿನ ತಾರೀಖು ನೋಡಿದ್ನಿ. ಮೂರೂ ಅಮಾಸಿ ಬೆನ್ನಿಗೇ ಅದಾವು."

ಗಂಗಾಧರನ ಮುಖ ನೋಡಬೇಕಿತ್ತು. ಮೊದಲು ನನ್ನನ್ನು ನೋಡಿದ, ಆಮೇಲೆ ಹೆಂಡತಿಯನ್ನು. ಅವನಿಗೆ ಇದು ಏನೂ ಗೊತ್ತಿರಲಿಲ್ಲ. "ಸರ," ಎಂದ. "ಆ ಧ್ವನಿ ಸಂದೇಶ ನನಗೂ ಬಂತ್ರಿ. ಈಕಿನೇ ತಪ್ಪು ಮಾಡ್ಯಾಳ ಅಂತ ನಾನೂ ತಿಳ್ಕೊಂಡಿದ್ನಿ. ಹನ್ನೆರಡು ದಿನ ಈಕಿ ಕೈಗೆ ಪಾನಾ ಕೊಟ್ಟಿಲ್ರಿ ನಾನು."

ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಅವಳ ಹೆಸರು ಹೊರಗೆ ಕೆಟ್ಟಿದೆ ಎಂದಷ್ಟೇ ನನಗೆ ಗೊತ್ತಿತ್ತು. ನನ್ನ ಒಂದು 'ಇಲ್ಲ' ಅವಳ ಮನೆಯೊಳಗೂ ನುಗ್ಗಿ ಕೂತಿತ್ತು. "ಈಗಿಂದೀಗ್ಲೇ ಗುಂಪಿಗೆ ಹಾಕ್ತೀನಿ ತಾಯಿ," ಎಂದು ಮೊಬೈಲ್ ತೆಗೆದೆ.

"ಬ್ಯಾಡ್ರಿ," ಎಂದಳು. "ಅದ್ರಾಗ ಹಾಕಿದ್ರ ಪೂರ್ತಿ ಯಾರೂ ಕೇಳಂಗಿಲ್ಲ. ಎದುರಿಗೆ ನಿಂತು ಹೇಳ್ರಿ. ನಿಮ್ಮ ಶಾಲಿ ಬಿಟ್ಟು ಹತ್ತು ಕಡಿ ಅದಾವು. ನಾ ಕರ್ಕೊಂಡು ಹೋಗ್ತೀನಿ."

ಐವತ್ತೆಂಟು ವರ್ಷದ ವಾರ್ಡನ್ ಅವಳ ಸ್ಕೂಟಿಯ ಹಿಂದೆ ಕೂತೆ. ಎರಡು ದಿನ ತಿರುಗಿದೆವು. ಅವಳು ಎಲ್ಲೂ ಒಳಗೆ ಬರಲಿಲ್ಲ, ಹೊರಗೆ ನಿಲ್ಲುತ್ತಿದ್ದಳು. ಮೊದಲು ಹೋದದ್ದು ಸಾಹುಕಾರರ ಮನೆಗೆ. ಕೇಳಿ, ಕಿಟಕಿಯಿಂದ ಹೊರಗೆ ಸ್ಕೂಟಿ ನೋಡಿ, "ಆಕಿನೇ ಹೇಳಸಾಕತ್ತಾಳೇನು ನಿಮ್ ಕಡಿಂದ?" ಎಂದರು. ಆಮೇಲೆ ದನಿ ತಗ್ಗಿಸಿ, "ಆತು ಬಿಡ್ರಿ ಸ್ವಾಮೇರ. ಹೊರಗ ಹೇಳಿದ್ರ ಸಂಸ್ಥಿ ಹೆಸರು ಹೊಕ್ಕತಿ. ಆಕಿದು ನಾಕು ದಿನ, ಮಂದಿ ಮರೀತಾರ," ಎಂದರು.

ಹತ್ತೊಂಬತ್ತು ವರ್ಷದಲ್ಲಿ ಅವರ ಮೇಲೆ ಧ್ವನಿ ಎತ್ತಿದವನಲ್ಲ ನಾನು. ಆ ದಿನ ಎತ್ತಿದೆ. "ಆಕಿ ಮರೀಬೇಕಲ್ರೀ! ಮಂದಿ ಮರತ್ರ ಏನಾತು? ನಾ ಸುಳ್ಳು ಹೇಳೀನಿ, ನೀವು ಊರಿಗೆಲ್ಲಾ ಸಾರೀರಿ. ನಾ ಎಲ್ಲಾ ಕಡಿ ಹೋಗಿ ಹೇಳಾವ. ನನ್ನ ಕೆಲಸದಾಗ ಇಡ್ತೀರೋ ತಗೀತೀರೋ ನಿಮಗ ಬಿಟ್ಟಿದ್ದು." ಹೊರಗೆ ಬಂದು ಸ್ಕೂಟಿಯ ಹಿಂದೆ ಕೂತೆ. ಕೆಲಸದಿಂದ ತೆಗೆಯಲಿಲ್ಲ ಅವರು. ಮಾತು ಮಾತ್ರ ಇಂದಿಗೂ ಬಿಟ್ಟಿದ್ದಾರೆ.

ಹಂಪಸಾಗರದ ಖಾನಾವಳಿಯಾತ ಹೊಟ್ಟೆ ಹಿಡಿದು ನಕ್ಕ. ನಾನು ಹೆದರಿದ್ದ ನಗು ಅದೇ. ಕೇಳಿಸಿಕೊಂಡೆ, ಸಾಯಲಿಲ್ಲ. ಮಾಗಳದ ಮಂಟಪದವರು, "ನಾವೂ ಅಲ್ಲೇ ಒಡೀತೀವಲ್ರೀ ಕಾಯಿ!" ಎಂದು ಗಾಬರಿಯಾಗಿ ಒಲೆ ನೋಡಲು ಓಡಿದರು. ಹರಪನಹಳ್ಳಿಯಾತ ಹೊಸಬನನ್ನು ಗೊತ್ತು ಮಾಡಿಕೊಂಡಾಗಿದೆ ಎಂದು ಕೈ ಮುಗಿದ. ಹತ್ತರಲ್ಲಿ ಆರು ಕಡೆಯವರು ಅವಳನ್ನೇ ಕರೆಯುತ್ತೇವೆ ಎಂದರು. ನಾಲ್ಕು ಹೋದವು. ಅವು ನನ್ನ ಲೆಕ್ಕಕ್ಕೆ.

ಎರಡನೇ ದಿನ ಸಂಜೆ ಕೂಡ್ಲಿಗಿ ಮುಗಿಸಿ ಕೊಟ್ಟೂರಿಗೆ ಬಂದೆವು. ಗಂಗಾಧರ ಮಣೆಯಿಂದ ಇಳಿದಿದ್ದ. ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದು ನಿಂತಿದ್ದ. ಅದಕ್ಕೆಷ್ಟು ನೋವು ತಿಂದಿದ್ದನೋ. ಎದುರಿಗೆ ಅಂಜಿನೇಯಲು ಎಂಬ ರೈತನ ಪಂಪು ಬಿಚ್ಚದೆ ಇತ್ತು. ಗಂಗಾಧರ ಪಾನಾಗಳ ಪೆಟ್ಟಿಗೆಯನ್ನು ಕಾಲಿನಿಂದ ಮೆಲ್ಲಗೆ ಅವಳ ಕಡೆ ಸರಿಸಿದ.

ಅವಳು ಮುಟ್ಟಲಿಲ್ಲ.

"ತಗೋ," ಎಂದ.

"ಮೊದ್ಲು ಕೇಳ್ರಿ," ಎಂದಳು.

"ಏನ್ ಕೇಳ್ಲಿ?"

"ನೀ ಸರಿಯಾಗಿ ಜೋಡಸಿದ್ದೇನು ಅಂತ ಕೇಳ್ರಿ. ಈ ಸರು ಸುಳ್ಳು ಹೇಳಿದ್ರು, ಅವರು ಹೊರಗಿನವರು. ಸಾಹುಕಾರ್ರು ಬೈದ್ರು, ಬೈಲಿ. ನೀವು ನನಗ ಕೆಲಸ ಕಲಿಸಿದವರು. ಹನ್ನೆರಡು ದಿನ ಒಂದೇ ಮನ್ಯಾಗ ಇದ್ದು, ಒಂದು ಸಲನೂ ನನ್ನ ಕೇಳಲಿಲ್ಲ ನೀವು."

ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಆಗ ಮೊದಲ ಸಲ ನೋಡಿದೆ. ಉಂಡೆ ಎದುರಿಗಿಟ್ಟುಕೊಂಡು ನನ್ನನ್ನು ಕೇಳಿದಾಗಲೂ ಬಂದಿರಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಡಲೂ ಆಗಲಿಲ್ಲ.

ಗಂಗಾಧರ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದ. ಕೊನೆಗೆ ತಲೆ ಎತ್ತಿ ಕೇಳಿದ. "ಸರಿಯಾಗಿ ಜೋಡಸಿದ್ದೇನು, ಶಿವಲೀಲಾ?"

"ಹೂಂ. ಮೂರೂ ಸಲ ಸರಿಯಾಗಿ ಜೋಡಸಿದ್ದೆ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಆ ರೈತನ ಪಂಪು ಬಿಚ್ಚಲು ಕೂತಳು.